ಎರಡು ಪೆಟ್ಟಿಗೆಗಳ ನಡುವೆ ಇಟ್ಟ ಚೀಟಿಗಳು

೧೯೫೭ರಲ್ಲಿ ನಾನು ಹಳಿಯಾಳದ ಮಾಮಲೇದಾರ ಕಚೇರಿಯಲ್ಲಿ ಅವ್ವಲ್ ಕಾರಕೂನನಾಗಿದ್ದೆ. ಮಾಮಲೇದಾರರ, ಅಂದರೆ ಈಗಿನ ತಹಶೀಲ್ದಾರರ, ಕೈಕೆಳಗಿನ ಹಿರಿಯ ಗುಮಾಸ್ತನಿಗೆ ಆಗ ನಮ್ಮ ಕಡೆ ಇದ್ದ ಹೆಸರು ಅದು. ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಫಾರ್ಮುಗಳ ತಲೆಬರಹ ಬದಲಾಗಿತ್ತು, ಕೆಲಸ ಮೊದಲಿನದೇ. ನನಗೆ ಬಡ್ತಿ ಬರುವುದು ಬಾಕಿ ಇತ್ತು, ಆದ್ದರಿಂದ ಆ ವರ್ಷ ಸಾಹೇಬರು ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಮನಸ್ಥಿತಿಯಲ್ಲಿದ್ದೆ. ಸಾರ್ವತ್ರಿಕ ಚುನಾವಣೆ ಬಂದಾಗ ಮುಂಡಗೋಡದ ಆಚೆ, ಕಾಡಂಚಿನ ಒಂದು ಹಳ್ಳಿಗೆ ನನ್ನನ್ನು ಪ್ರಿಸೈಡಿಂಗ್ ಆಫೀಸರ್ ಮಾಡಿ ಕಳಿಸಿದರು. ಊರಿನ ಹೆಸರು, ಅಭ್ಯರ್ಥಿಗಳ ಹೆಸರು, ಪಕ್ಷಗಳ ಹೆಸರು ಮೂರನ್ನೂ ಇಲ್ಲಿ ಬಿಟ್ಟಿದ್ದೇನೆ. ಹೆಸರಿಲ್ಲದೆಯೂ ಕಥೆಗೆ ಏನೂ ಕೊರತೆಯಾಗುವುದಿಲ್ಲ.

ಇಂದಿನ ಓದುಗರಿಗೆ ಆಗಿನ ಪದ್ಧತಿಯನ್ನು ಹೇಳಲೇಬೇಕು. ಮತಪತ್ರದ ಮೇಲೆ ಮುದ್ರೆ ಒತ್ತುವುದು ಆಗ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರ ಚಿಹ್ನೆ ಅಂಟಿಸಿರುತ್ತಿತ್ತು. ಮತದಾರ ಬೆರಳಿಗೆ ಮಸಿ ಹಾಕಿಸಿಕೊಂಡು, ಚೀಟಿ ತೆಗೆದುಕೊಂಡು, ಮರೆಯ ಹಿಂದೆ ಹೋಗಿ ತನಗೆ ಬೇಕಾದವರ ಪೆಟ್ಟಿಗೆಯೊಳಗೆ ಹಾಕಿ ಬರಬೇಕು. ಪೆಟ್ಟಿಗೆಯ ಹೊರಗೆ ಬಿದ್ದ ಚೀಟಿ ಯಾರ ಲೆಕ್ಕಕ್ಕೂ ಇಲ್ಲ. ಮತದಾನ ಮುಗಿದ ಮೇಲೆ ಅದನ್ನು ಆರಿಸಿ, ಬೇರೆ ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಹಾಕಿ, ಕಾರಣ ಬರೆದು ಕಳಿಸುವುದು ಪ್ರಿಸೈಡಿಂಗ್ ಆಫೀಸರನ ಹೊಣೆ. ಲೋಕಸಭೆಗೂ ವಿಧಾನಸಭೆಗೂ ಒಂದೇ ದಿನ ಮತದಾನವಿದ್ದುದರಿಂದ ಶಾಲೆಯ ಒಂದೇ ಕೋಣೆಯಲ್ಲಿ ಬಿದಿರಿನ ತಟ್ಟಿ ಕಟ್ಟಿ ಎರಡು ಮರೆ ಮಾಡಿಸಿದ್ದೆ. ಒಂದರಲ್ಲಿ ಲೋಕಸಭೆಯ ಪೆಟ್ಟಿಗೆಗಳು, ಇನ್ನೊಂದರಲ್ಲಿ ವಿಧಾನಸಭೆಯವು. ವಿಧಾನಸಭೆಗೆ ನಿಂತವರು ಇಬ್ಬರೇ. ಒಬ್ಬರು ಮರದ ಗುತ್ತಿಗೆದಾರರು, ಇನ್ನೊಬ್ಬರು ಅಕ್ಕಿ ಗಿರಣಿಯ ಮಾಲೀಕರು.

ಬೆಳಿಗ್ಗೆ ಶುರುವಾಗುವ ಮೊದಲೇ ಸಾಲು ಶಾಲೆಯ ಅಂಗಳ ದಾಟಿತ್ತು. ಗಂಡಸರದೊಂದು, ಹೆಂಗಸರದೊಂದು. ಅಷ್ಟು ಉಮೇದು ನಾನು ಬೇರೆಲ್ಲೂ ಕಂಡಿರಲಿಲ್ಲ, ಒಳಗೊಳಗೇ ಹಿಗ್ಗಿದೆ. ನಿಯಮವನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಮರೆಯ ಹಿಂದೆ ನೀವು ಮಾಡಿದ್ದನ್ನು ಯಾರೂ ನೋಡುವಂತಿಲ್ಲ, ಕೇಳುವಂತಿಲ್ಲ, ನಾನೂ ಕೇಳುವಂತಿಲ್ಲ ಎಂದು ಒತ್ತಿ ಹೇಳಿದೆ.

ಒಂದಿಷ್ಟು ಜನ ಮತ ಹಾಕಿ ಹೋದ ಮೇಲೆ, ಪೆಟ್ಟಿಗೆಗಳು ಸರಿಯಾಗಿವೆಯೇ ಎಂದು ನೋಡಲು ವಿಧಾನಸಭೆಯ ಮರೆಯೊಳಗೆ ಹೋದೆ. ಎರಡು ಪೆಟ್ಟಿಗೆಗಳ ನಡುವೆ, ಮೇಜಿನ ಮೇಲೆ, ಚೀಟಿಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿದ್ದವು. ಗಾಳಿಗೆ ಹಾರದಿರಲೆಂದು ಮೇಲೆ ಹಳ್ಳದ ನುಣುಪು ಕಲ್ಲೊಂದನ್ನು ಇಟ್ಟಿದ್ದರು.

ಪಾಪ, ತಿಳಿಯದ ಜನ ಅಂದುಕೊಂಡೆ. ಹೊರಗೆ ಬಂದು ನನ್ನ ಎಲೆ ಅಡಿಕೆಯ ಡಬ್ಬಿಯನ್ನೇ ಪೆಟ್ಟಿಗೆ ಮಾಡಿಕೊಂಡು, ಒಂದು ತುಂಡು ಕಾಗದ ಹಿಡಿದು, ಹೀಗೆ ಮಡಚಬೇಕು, ಹೀಗೆ ಒಳಗೆ ಬಿಡಬೇಕು ಎಂದು ಎಲ್ಲರಿಗೂ ಕಾಣುವಂತೆ ತೋರಿಸಿದೆ. ಹೆಂಗಸರ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದಿತು. ಆಗಷ್ಟೇ ಮತ ಹಾಕಿ ಹೊರಬಂದಿದ್ದ ಗಂಗವ್ವ ಎಂಬುವರು ನನ್ನೆದುರು ನಿಂತರು. ಐವತ್ತು ದಾಟಿದ ವಿಧವೆ, ತಾವೇ ನಿಂತು ಗದ್ದೆ ಮಾಡಿಸುವವರು.

"ಸಾಹೇಬ್ರ, ಡಬ್ಬಿ ತೂತು ಎಲ್ಲೈತಿ ಅಂತ ನಮಗ ಗೊತ್ತೈತ್ರಿ. ಬಾಜೂಕಿನ ತಟ್ಟಿ ಹಿಂದ ಈಗ ಸರಿಯಾಗಿ ಹಾಕಿ ಬಂದಿಲ್ಲೇನ್ರಿ?"

ಓಡಿ ಹೋಗಿ ನೋಡಿದೆ. ಲೋಕಸಭೆಯ ಮೇಜಿನ ಮೇಲೆ ಒಂದು ಚೀಟಿಯೂ ಹೊರಗಿರಲಿಲ್ಲ.

"ಹಂಗಾರ ಇಲ್ಲಿ ಯಾಕ ಹಾಕಲಿಲ್ರಿ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ಒಳಗ ಏನ್ ಮಾಡಿದ್ವಿ ಅಂತ ಕೇಳೂ ಹಂಗಿಲ್ಲ ಅಂತ ಮುಂಜಾನೆ ನೀವ ಹೇಳೀರಿ," ಎಂದರು ಗಂಗವ್ವ. ನಿಯಮವನ್ನು ನನಗೇ ತಿರುಗಿಸಿ ಹೇಳಿದ ಮೊದಲ ಮತದಾರರು ಅವರು. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಮಾತು ಸರಿಯಾಗಿತ್ತು.

ಮಧ್ಯಾಹ್ನ ಸಾಲು ಕರಗಿತು. ಮತ ಹಾಕಿದವರು ಮಾತ್ರ ಮನೆಗೆ ಹೋಗಲಿಲ್ಲ. ರೊಟ್ಟಿ ಬುತ್ತಿ ಬಿಚ್ಚಿಕೊಂಡು ಅಂಗಳದ ಆಚೆಯ ಮಾವಿನ ನೆರಳಲ್ಲಿ ಕೂತರು. ಅಭ್ಯರ್ಥಿಗಳ ಏಜೆಂಟರಿಬ್ಬರೂ ಊಟಕ್ಕೆ ಹೋದಾಗ ಗಂಗವ್ವ ನೀರು ಕುಡಿಯಲು ಶಾಲೆಯ ಮೆಟ್ಟಿಲಿಗೆ ಬಂದರು. ನಾನು ಈ ಸಲ ಏನೂ ಕೇಳಲಿಲ್ಲ, ಅವರೇ ಹೇಳಿದರು.

ಊರಿಗೂ ಮುಂಡಗೋಡದ ದಾರಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಮೊಣಕಾಲು ನೀರು, ಮಳೆಗಾಲದಲ್ಲಿ ಯಾರೂ ಇಳಿಯುವಂತಿಲ್ಲ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಅವರ ಸೊಸೆಗೆ ಹೆರಿಗೆ ನೋವು ಬಂತು. ದವಾಖಾನೆಗೆಂದು ಗಾಡಿ ಕಟ್ಟಿ ಹಳ್ಳದ ತನಕ ಬಂದರು. ನೀರು ಇಳಿಯಲೆಂದು ದಡದಲ್ಲಿ ಕಾಯುತ್ತಿರುವಾಗಲೇ ಗಾಡಿಯಲ್ಲಿ ತಾಯಿ, ಕೂಸು ಇಬ್ಬರೂ ಹೋದರು.

"ಮರದ ಸಾವಕಾರ್ರು ಬಂದಿದ್ರು. ಸೇತುವಿ ಯಾವಾಗ ಅಂದೆ. ಆರಿಸಿ ಬಂದ ಮರುದಿನಾನ ಅಂದ್ರು. ಗಿರಣಿ ಸಾವಕಾರ್ರು ಬಂದ್ರು, ಅವರೂ ಅದನ್ನ ಅಂದ್ರು. ಹೋದ ಇಲೆಕ್ಷನ್ನಿನ್ಯಾಗ ಇವರು ಆ ಪಕ್ಷ, ಅವರು ಈ ಪಕ್ಷ ಇದ್ರು. ಈಗ ಅದಲಿ ಬದಲಿ ಆಗ್ಯಾರ. ನಿಮಗೂ ಅವರಿಗೂ ಫರಕ ಏನ್ರಿ ಅಂತ ಇಬ್ರನ್ನೂ ಕೇಳಿದೆ. 'ಅವರು ಬರೇ ಹೇಳ್ತಾರ, ನಾವು ಮಾಡ್ತೇವಿ' ಅಂತ ಇಬ್ರೂ ಅಂದ್ರು."

"ಬ್ಯಾಡಾಗಿದ್ರ ಮನ್ಯಾಗ ಕುಂಡ್ರಬಹುದಿತ್ತಲ್ರಿ," ಎಂದೆ.

"ಕುಂತ್ರ ಏನಂತಾರ? ಹಳ್ಳಿ ಮಂದಿಗೆ ಓಟಿನ ಕಿಮ್ಮತ್ತು ಗೊತ್ತಿಲ್ಲ ಅಂತಾರ. ಅದಕ್ಕ ಬಂದೇವಿ. ಗೌಡ್ರು ಹೇಳ್ಯಾರ ಅಂತಲ್ಲ, ಯಾರ ಜುಲುಮೀನೂ ಇಲ್ಲ. ಹಾಕೂ ಮನಸಿದ್ದವ್ರು ಹಾಕ್ಯಾರ. ನಾವು ನಡುವ ಇಟ್ಟೇವಿ. ಅದು ನಡುವ ಇರಬೇಕು, ನೋಡ್ರಿ. ಅದಕ್ಕ ಕಾಯಾಕತ್ತೇವಿ."

ಅವರು ಮನೆಗೆ ಹೋಗದೆ ಕೂತದ್ದು ಯಾಕೆಂದು ಆಗ ತಿಳಿಯಿತು. ಬಾಗಿಲು ಹಾಕಿದ ಮೇಲೆ ಆ ಚೀಟಿಗಳು ಯಾರದೋ ಪೆಟ್ಟಿಗೆಗೆ ಇಳಿದುಬಿಟ್ಟರೆ ಸೊಸೆಯನ್ನು ಕಳೆದುಕೊಂಡ ಆ ಹೆಂಗಸು ಹೇಳಬಂದದ್ದು ಅಲ್ಲಿಗೇ ಮುಗಿದುಹೋಗುತ್ತಿತ್ತು.

ಸಂಜೆ ಮತದಾನ ಮುಗಿಯಿತೆಂದು ಸಾರಿ ಏಜೆಂಟರಿಬ್ಬರನ್ನೂ ಮರೆಯೊಳಗೆ ಕರೆದೆ. ಗುತ್ತಿಗೆದಾರರ ಕಡೆಯವನು ಶಿವಪ್ಪ, ಗಿರಣಿ ಮಾಲೀಕರ ಕಡೆಯವನು ಪರಶುರಾಮ. ಬೆಳಗಿನಿಂದ ಹಾವು ಮುಂಗುಸಿಯ ಹಾಗೆ ಕಾದಾಡಿದ್ದರು. ಕಣ್ಣು ಕಾಣದ ಒಬ್ಬ ಅಜ್ಜನ ಕೈ ಹಿಡಿದು ಬಂದ ಮೊಮ್ಮಗನನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಜಗಳವಾಡಿ ನನ್ನ ತಲೆ ತಿಂದಿದ್ದರು. ಚೀಟಿಗಳ ರಾಶಿ ಕಂಡು ಇಬ್ಬರೂ ಬೆಪ್ಪಾದರು. ಎಣಿಸಿದರೆ ನೂರಕ್ಕೂ ಮೇಲೆ. ಶಿವಪ್ಪ ಪರಶುರಾಮನ ಮುಖ ನೋಡಿದ, ಪರಶುರಾಮ ಶಿವಪ್ಪನ ಮುಖ ನೋಡಿದ.

"ಸಾಹೇಬ್ರ, ಅರ್ಧ ಅವರ ಡಬ್ಬಿಗೆ ಹಾಕ್ರಿ, ಅರ್ಧ ನಮ್ಮ ಡಬ್ಬಿಗೆ ಹಾಕ್ರಿ. ಯಾರಿಗೂ ಲುಕ್ಸಾನಿಲ್ಲ," ಎಂದ ಶಿವಪ್ಪ.

"ಹೌದ್ರಿ, ನನ್ನ ಕಬೂಲಿ ಐತಿ," ಎಂದ ಪರಶುರಾಮ.

ಇಡೀ ದಿನದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಗಂಗವ್ವ ಮಧ್ಯಾಹ್ನ ಹೇಳಿದ್ದನ್ನು ಆ ಇಬ್ಬರೂ ತಾವಾಗಿಯೇ ರುಜುವಾತು ಮಾಡಿದ್ದರು. ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಯಾಕೆಂದರೆ ಪರಶುರಾಮ ದನಿ ತಗ್ಗಿಸಿ, "ಹಂಗ ಬಿಟ್ರ ನಿಮ್ಮ ಮ್ಯಾಲೆ ಬರತೈತ್ರಿ. ಮಂದಿಗೆ ಸರಿಯಾಗಿ ಹೇಳಿಕೊಡಲಿಲ್ಲ ಅಂತಾರ," ಎಂದ. ಅದು ನಿಜವೇ ಆಗಿತ್ತು. ನನ್ನ ಬಡ್ತಿಯ ಕಾಗದ ಪ್ರಾಂತ ಸಾಹೇಬರ, ಅಂದರೆ ನಮ್ಮ ಉಪವಿಭಾಗದ ಅಧಿಕಾರಿಗಳ, ಮೇಜಿನ ಮೇಲಿತ್ತು.

"ಅವರು ಹಾಕದ ಓಟು ಹಾಕಾಕ ನಾನ್ಯಾರು, ನೀವ್ಯಾರು?" ಎಂದೆ. ಪೆಟ್ಟಿಗೆಗಳಿಗೆ ಮೊದಲು ಮುದ್ರೆ ಹಾಕಿಸಿದೆ. ಆಮೇಲೆ ಚೀಟಿಗಳನ್ನು ಲಕೋಟೆಗೆ ಹಾಕಿ, ಕಿಟಕಿ ಬಾಗಿಲು ತೆರೆದಿಟ್ಟು, ಹೊರಗಿನವರಿಗೆಲ್ಲ ಕಾಣುವಂತೆ ಅರಗು ಕರಗಿಸಿ ಅಂಟಿಸಿದೆ. ಜನ ಎದ್ದು ನಿಂತು ನೋಡುತ್ತಿದ್ದರು.

ಉಳಿದದ್ದು ಕಾರಣ ಬರೆಯುವುದು. ಇಂಥದ್ದಕ್ಕೆ ಕಚೇರಿಯಲ್ಲಿ ಒಂದು ರೂಢಿಯ ವಾಕ್ಯವಿತ್ತು, ಕೈ ತಾನಾಗಿ ಅದನ್ನೇ ಬರೆಯಿತು. ಕಿಟಕಿಯಿಂದ ಗಂಗವ್ವ ಕೇಳಿದರು: "ಏನ್ ಬರದ್ರಿ? ಓದ್ರಿ."

ಓದಿದೆ. "ಮತದಾರರು ತಿಳಿವಳಿಕೆಯಿಲ್ಲದೆ ಮತಪತ್ರಗಳನ್ನು ಪೆಟ್ಟಿಗೆಯ ಹೊರಗೆ ಬಿಟ್ಟಿರುತ್ತಾರೆ."

ಗಂಗವ್ವನ ಮುಖ ಕೆಂಪಾಯಿತು. "ಅದನ್ನ ಹೊಡೀರಿ ಸಾಹೇಬ್ರ. ತಿಳದ ಇಟ್ಟೇವಿ ಅಂತ ಬರೀರಿ. ಇಷ್ಟ ಮಾಡಾಕ ಮುಂಜಾನಿಂದ ಬಿಸಲಾಗ ನಿಂತೇವಿ."

ಆ ಒಂದು ವಾಕ್ಯ ಹಾಗೆಯೇ ಉಳಿದಿದ್ದರೆ ನಾನು ಆರಾಮಾಗಿರುತ್ತಿದ್ದೆ. ಹಳ್ಳಿಯವರ ದಡ್ಡತನದ ಮೇಲೆ ಎಲ್ಲವನ್ನೂ ಹೊರಿಸಿ ಮನೆಗೆ ಹೋಗಬಹುದಿತ್ತು. ಆದರೆ ಪಕ್ಕದ ಮೇಜಿನ ಮೇಲೆ ಒಂದೂ ಚೀಟಿ ಇಲ್ಲದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ವಾಕ್ಯ ಹೊಡೆದು, "ಮತದಾರರು ತಿಳಿದೇ ಯಾರಿಗೂ ಮತ ನೀಡಿರುವುದಿಲ್ಲ" ಎಂದು ಬರೆದು ರುಜು ಹಾಕಿದೆ. ಅದನ್ನೂ ಓದಿಸಿ ಕೇಳಿದ ಮೇಲೆಯೇ ಅವರು ಮನೆಗೆ ಹೊರಟರು.

ಅಂದುಕೊಂಡ ಹಾಗೆಯೇ ನನ್ನ ಮೇಲೆ ತಕರಾರು ಹೋಯಿತು, ಅದೂ ಎರಡು ಪಕ್ಷಗಳಿಂದ. ಪ್ರಾಂತ ಸಾಹೇಬರು ಕರೆಸಿದರು. "ತಿಳಿದೇ ಎಂದು ಹೇಗೆ ಬರೆದಿರಿ? ಅವರ ಮನಸ್ಸು ಹೊಕ್ಕು ನೋಡಿದಿರಾ?" ಎಂದು ಗದರಿದರು.

"ಇಲ್ಲ ಸರ್. ಪಕ್ಕದ ಮೇಜು ನೋಡಿದೆ," ಎಂದು ಎಲ್ಲ ಹೇಳಿದೆ. ಸೊಸೆಯ ಸಂಗತಿಯನ್ನೂ, ಅರ್ಧ ಅರ್ಧದ ಒಪ್ಪಂದವನ್ನೂ ಹೇಳಿದೆ. ಅವರು ಕಾಗದ ಕೆಳಗಿಟ್ಟು, "ಹಳ್ಳ ಯಾವುದು?" ಎಂದು ಕೇಳಿದರು. ನಕಾಶೆ ತರಿಸಿ ತೋರಿಸಿದೆ. ಬಡ್ತಿ ಒಂದು ವರ್ಷ ತಡವಾಗಿ ಬಂತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನಾನು ವಿಚಾರಿಸಲು ಹೋಗಲಿಲ್ಲ. ಆ ವಾಕ್ಯ ಬರೆದದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ.

ಆಮೇಲೆ ಹಲವು ಚುನಾವಣೆ ನಡೆಸಿದೆ, ಹಲವು ಕಾರಕೂನರಿಗೆ ತರಬೇತಿ ಕೊಟ್ಟೆ. ಪ್ರತಿ ಸಲವೂ ಹೇಳುತ್ತಿದ್ದೆ: ಜನ ನಮ್ಮ ಫಾರ್ಮಿಗೆ ಹೊಂದದ ಕೆಲಸ ಮಾಡಿದರೆ ಅದನ್ನು ಮೊದಲು ದಡ್ಡತನವೆಂದು ಬರೆಯಬೇಡಿ, ಒಮ್ಮೆ ಕೇಳಿ ನೋಡಿ. ಪಕ್ಷಗಳೆರಡೂ ಒಂದೇ ಎಂದು ಬೇಸತ್ತವರು ಬಹಳ ಮಂದಿ ಸಿಗುತ್ತಾರೆ. ಆ ಬೇಸರವನ್ನು ಹೊತ್ತು ಮತಗಟ್ಟೆಯ ತನಕ ನಡೆದು ಬಂದವರಿಗೆ ಚುನಾವಣೆಯ ಮೇಲೆ ನಂಬಿಕೆ ಇನ್ನೂ ಇದೆ ಎಂದೇ ಅರ್ಥ. ಅವರ ಚೀಟಿ ಎಲ್ಲಿಟ್ಟಿದ್ದರೋ ಅಲ್ಲೇ ಇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಅರವತ್ತರ ಸುಮಾರಿಗೆ, ಮಳೆಗಾಲದಲ್ಲಿ, ಕೆಲಸದ ಮೇಲೆ ಮುಂಡಗೋಡಕ್ಕೆ ಹೋಗಿದ್ದೆ. ಸಂತೆಯಲ್ಲಿ ಯಾರೋ ತೋಳು ಹಿಡಿದು ಎಳೆದಂತಾಯಿತು. ನೋಡಿದರೆ ಗಂಗವ್ವ. ಹಳ್ಳಕ್ಕೆ ಸೇತುವೆಯಾಗಿತ್ತು. ಉದ್ಘಾಟನೆಗೆ ಮರದ ಸಾಹುಕಾರರೂ ಬಂದಿದ್ದರಂತೆ, ಗಿರಣಿ ಸಾಹುಕಾರರೂ ಬಂದಿದ್ದರಂತೆ, ತಾವೇ ಮಾಡಿಸಿದ್ದೆಂದು ಇಬ್ಬರೂ ಭಾಷಣ ಮಾಡಿದರಂತೆ. ಅದನ್ನು ಹೇಳುವಾಗ ಗಂಗವ್ವ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ.

"ಈಗ ಸಂತಿಗೆ ಬಂದೀರೇನ್ರಿ?" ಎಂದೆ.

"ಇಲ್ರೀ, ದವಾಖಾನಿಗೆ ಬಂದೇನಿ. ನಮ್ಮ ಓಣಿ ಹುಡುಗಿಗೆ ನಿನ್ನೆ ನೋವು ಶುರು ಆತು. ಮಳಿ ಧೋ ಅಂತ ಸುರೀತಿತ್ತು. ಗಾಡಿ ಕಟ್ಟಿದ್ವಿ, ಬಂದ್ವಿ. ತಾಯಿ, ಕೂಸು ಇಬ್ರೂ ಆರಾಮ ಅದಾರ." ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ಸೊಸಿಗೆ ಇಷ್ಟ ಬೇಕಾಗಿತ್ತು ನೋಡ್ರಿ ಸಾಹೇಬ್ರ. ಇಷ್ಟ."