ಹನುಮಂತರಾಯನ ಜಾಮೀನು

ಬಾಗೂರಿನ ಕೆಂಚಪ್ಪನು ಯೌವನದಲ್ಲಿ ಅನೇಕರನ್ನು ಮಣ್ಣಿಗೆ ಕೆಡವಿದ ಜಟ್ಟಿ. ನಡುವಯಸ್ಸಿನಲ್ಲಿ ಊರ ಹುಡುಗರಿಗೆ ಬಿಟ್ಟಿಯಾಗಿ ಪಟ್ಟು ಕಲಿಸುವ ಉಸ್ತಾದ. ಮೂವತ್ತೆಂಟನೆಯ ಇಸವಿಯ ಮಳೆಗೆ ಅವನ ಗರಡಿಯ ಹುಲ್ಲು ಮಾಡು ಕುಸಿಯಿತು. ಹಾಗೆಯೇ ಬಿಟ್ಟರೆ ಗರಡಿ ಮುಚ್ಚಿಹೋಗಿ, ಹುಡುಗರೆಲ್ಲ ಇಸ್ಪೀಟಿನ ಕಟ್ಟೆ ಸೇರುವರೆಂದು ಅಂಜಿ, ಅವನು ಸಹಕಾರ ಸಂಘಕ್ಕೆ ಸಾಲ ಕೇಳಲು ಹೋದನು.

"ಜಾಮೀನು ಯಾರು?" ಎಂದರು ಅಧ್ಯಕ್ಷ ಪಂಚಾಕ್ಷರಯ್ಯನವರು.

"ಗರಡಿ ಅನುಮಂತರಾಯನೇ ಸಾ. ನಂಗಿನ್ಯಾರವ್ರೆ?"

ವಿಭೂತಿಯ ಕೆಳಗೆ ಅಧ್ಯಕ್ಷರ ಹುಬ್ಬುಗಳು ಗಂಟಿಕ್ಕಿದವು. "ಲಂಕೆಗೆ ಬೆಂಕಿಯಿಟ್ಟವನನ್ನು ಜಾಮೀನಿಗೆ ತರುತ್ತೀಯಲ್ಲ, ನಾಚಿಕೆಯಿಲ್ಲವೆ?"

ಕೆಂಚಪ್ಪನು ತಲೆ ಕೆರೆದುಕೊಂಡನು. "ಸುಟ್ಟಿದ್ದು ದಿಟ ಸಾ. ಆದ್ರೆ ಉಂಗುರ ಕೊಟ್ರು, ತಲುಪ್ಸಿದ. ಚೂಡಾಮಣಿ ಕೊಟ್ರು, ತಂದ್ಕೊಟ್ಟ. ದಾರೀಲಿ ಒಂದ್ನೂ ಗಿರವಿ ಮಡಗ್ನಿಲ್ಲ. ನಿಮ್ಮ ಸಂಘದಾಗೆ ಅಂತಾ ಮೆಂಬರು ಯಾರವ್ರೆ, ಯೋಳಿ."

ಸುತ್ತ ಕುಳಿತಿದ್ದ ನಿರ್ದೇಶಕರಲ್ಲಿ ಸಾಲ ತೀರಿಸದವರೇ ಬಹುಮಂದಿ. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಉತ್ತರೀಯಗಳನ್ನು ಸರಿಪಡಿಸಿಕೊಂಡರು.

ಆ ಮುಖಗಳನ್ನು ನೋಡಿ ಪಂಚಾಕ್ಷರಯ್ಯನವರಿಗೆ ನಗೆ ತಡೆಯಲಾಗಲಿಲ್ಲ. ಜಾಮೀನಿನ ಜಾಗದಲ್ಲಿ ತಾವೇ ರುಜು ಹಾಕಿ, "ಈ ಸಲ ಹುಲ್ಲು ಬೇಡ ಕಣಯ್ಯ, ಹೆಂಚು ಹೊದಿಸು. ನಿನ್ನ ಸ್ವಾಮಿಯ ಪ್ರಾಮಾಣಿಕತೆಯನ್ನು ನಂಬಿದ್ದೇನೆ, ಬಾಲವನ್ನಲ್ಲ" ಎಂದರು.