ಹಮಾಲರ ಸಾಲಿನಲ್ಲಿ ಕೂತ ಮ್ಯಾನೇಜರ್

ನಮ್ಮ ಮ್ಯಾನೇಜರರ ಹುಬ್ಬಿನ ಮೇಲೆ ಸದಾ ತೌಡು ಕೂತಿರುತ್ತಿತ್ತು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರ್ ಆದವನು ಫ್ಯಾನಿನ ಕೆಳಗೆ ಕೂರುವುದು ರೂಢಿ. ಇವರು ದಿನವಿಡೀ ಯಂತ್ರದ ಬುಡದಲ್ಲೇ ನಿಂತಿರುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿ ಗುಮಾಸ್ತ. ಅವರ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಜೆ ಗಿರಣಿ ನಿಂತ ಮೇಲೂ ಮನೆಗೆ ಹೋಗಲು ಅವರಿಗೆ ಕಾಲೇಳುತ್ತಿರಲಿಲ್ಲ.

ಒಮ್ಮೆ ಹುಬ್ಬಳ್ಳಿಯಿಂದ ಬರುವಾಗ ಚೀನಾದ ಒಂದು ಚಿತ್ರಪತ್ರಿಕೆ ತಂದರು. ಅದರ ಒಂದು ಚಿತ್ರದಲ್ಲಿ ಕಾರ್ಖಾನೆಯ ಮುಖ್ಯಸ್ಥ ಕೂಲಿಗಳ ಸಾಲಿನಲ್ಲೇ ಕೂತು ಉಣ್ಣುತ್ತಿದ್ದ. "ನೋಡ್ರಿ, ಕೂಡಿ ಕುಂತು ಉಂಡ್ರನ ಮಂದಿ ನಮ್ಮವರಾಗೋದು. ಕೆಲಸಾನೂ ಛಲೋ ಆಕ್ಕೈತಿ," ಎಂದರು. ಕೆಲಸ ಒಂದು ನೆಪ; ನಮ್ಮವರು ಅಂತ ಬೇಕಾಗಿದ್ದುದು ಅವರಿಗೇ. ಮಾಲೀಕರು, "ಅಕ್ಕಿ ಗಂಗಾವತಿದು, ಬುದ್ಧಿ ಚೀನಾದ್ದೇನ್ರಿ?" ಎಂದು ನಕ್ಕರು. ಮರುದಿನವೇ ಇವರು ಡಬ್ಬಿ ಹಿಡಿದು, ಚೀಲ ಹೊರುವ ಹಮಾಲರು ಉಣ್ಣುವ ತಗಡಿನ ಚಪ್ಪರಕ್ಕೆ ಹೋದರು.

ಹಮಾಲರು ದಡಬಡಿಸಿ ಎದ್ದು ನಿಂತರು. ಅವರನ್ನು ಕೂರಿಸುವಷ್ಟರಲ್ಲಿ ಸಾಕಾಯಿತು. ಅಲ್ಲಿಯವರೆಗೆ ಮಾಲೀಕರ ನಡಿಗೆಯನ್ನು ಅಣಕಿಸಿ ನಗುತ್ತಿದ್ದ ಜಾಗ ಗಪ್‌ಚಿಪ್ಪಾಯಿತು. "ಏನರ ಮಾತಾಡ್ರಪಾ" ಎಂದರೆ, "ನೀವ ಹೇಳ್ರಿ ಸಾಹೇಬ್ರ" ಎಂದು ತಲೆ ತಗ್ಗಿಸಿ, ಬೇಗಬೇಗ ಉಂಡು ಏಳುತ್ತಿದ್ದರು. ಇವರೂ ಹಟ ಬಿಡಲಿಲ್ಲ. ಶೇಂಗಾ ಚಟ್ನಿ ತಂದು ಹಂಚಿದರು. ಚಟ್ನಿ ಖಾಲಿಯಾಯಿತು, ಮಾತು ಹುಟ್ಟಲಿಲ್ಲ.

ಕೊನೆಗೆ ಹಮಾಲರ ಜೊತೆಗೇ ಉಣ್ಣುತ್ತಿದ್ದ, ಅಕ್ಕಿ ಕೇರುವ ಮುದುಕಿಯೊಬ್ಬಳು ಆಫೀಸಿಗೇ ಬಂದಳು. "ಸಾಹೇಬ್ರ, ನಿಮ್ಮಂಥ ಛಲೋ ಮನಷ್ಯಾ ಸಿಗಂಗಿಲ್ಲ. ಆದ್ರ ನೀವು ಕುಂತ್ರ ನಮಗ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ. ದಿನದಾಗ ಆ ಹೊತ್ತೊಂದ ನಮ್ದು. ಸಿಟ್ಟಾಗಬ್ಯಾಡ್ರಿ."

"ಆತವ್ವ," ಎಂದರು.

ಅಂದಿನಿಂದ ಕೋಣೆಯಲ್ಲೇ ಉಂಡರು, ಚಪ್ಪರದ ಕಡೆಯ ಕಿಟಕಿ ತೆರೆದಿಟ್ಟುಕೊಂಡು. ಅಲ್ಲಿ ನಗೆ ಎದ್ದರೆ ಇಲ್ಲಿ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. "ಏನಂದ್ರಂತ?" ಎಂದು ನನ್ನನ್ನು ಕೇಳುತ್ತಿದ್ದರು. ನನಗೂ ಕೇಳಿಸಿರುತ್ತಿರಲಿಲ್ಲ. ಅಷ್ಟು ಒಂಟಿಯಾದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಎದೆನೋವಿನಿಂದ ಅವರು ತೀರಿಕೊಂಡಾಗ ಹೆಗಲು ಕೊಟ್ಟವರು ಹಮಾಲರೇ. ಮೂರನೆಯ ದಿನ ಚಪ್ಪರದಲ್ಲಿ ಅವರ ಹೆಸರಿಗೆ ಒಂದು ಎಲೆ ಹಾಕಿ ಬಡಿಸಿ, ಅದರ ಅಕ್ಕಪಕ್ಕ ಎಲ್ಲರೂ ಉಣ್ಣಲು ಕೂತೆವು. ಹಮಾಲರು ಅಂದಿನಂತೆಯೇ ತಲೆ ತಗ್ಗಿಸಿ ಬೇಗಬೇಗ ಉಣ್ಣತೊಡಗಿದರು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು:

"ಮಾತಾಡ್ರೋ, ನಗೋ ಮಾತು ಏನರ ಆಡ್ರೋ. ಅವ್ರು ಅದನ್ನ ಕೇಳಾಕಂತನ ಬರ್ತಿದ್ರು."