ದೇವಿಯ ಮುಂದಿಟ್ಟ ಕೈಪಟ್ಟಿಗಳು

ವರ್ಷಕ್ಕೊಮ್ಮೆ ನವಿ ಮುಂಬೈನ ವಾಶಿಯ ಒಂದು ಹೋಟೆಲಿನ ಹಾಲ್‌ನಲ್ಲಿ ನಮ್ಮನ್ನೆಲ್ಲ ಕೂಡಿಸಿ, ಕೆಲಸದ ಜಾಗಕ್ಕೆ ಮುಂದೆ ಏನೇನು ಬರಲಿದೆ ಎಂದು ಹೇಳುತ್ತಾರೆ. ಮುಂದಿನ ಸಾಲುಗಳಲ್ಲಿ ಕಂಪನಿಗಳ ಮಾಲೀಕರು ಕೂರುತ್ತಾರೆ. ಬಾಗಿಲ ಹತ್ತಿರ, ಲ್ಯಾಪ್‌ಟಾಪಿಗೆ ಪ್ಲಗ್ ಸಿಗುವ ಗೋಡೆಯ ಪಕ್ಕ, ಐಟಿ ನೋಡಿಕೊಳ್ಳುವ ನಾವು. ಹೀಗೆ ಕೂರಿ ಎಂದು ಯಾರೂ ಹೇಳಿದ್ದಲ್ಲ. ಪರದೆಯ ಮೇಲೆ ಹೊಸದೊಂದು ಯಂತ್ರ ಮೂಡಿದರೆ ಮುಂದಿನವರ ಬೆನ್ನು ನೆಟ್ಟಗಾಗುತ್ತದೆ, ನಮ್ಮ ಮುಖ ಇಳಿಯುತ್ತದೆ. ಅವರಿಗೆ ಇದರಿಂದ ಎಷ್ಟು ಕೈ ಕಡಿಮೆಯಾದೀತು ಎಂಬ ಲೆಕ್ಕ. ನಮಗೆ ಇದು ಭಾನುವಾರ ಕೆಟ್ಟರೆ ಫೋನ್ ಯಾರಿಗೆ ಬಂದೀತು ಎಂಬ ಚಿಂತೆ. ಆ ಕೈಗಳು ಯಾರವು ಎಂದು ಎರಡೂ ಕಡೆಯವರು ಕೇಳಿದ್ದನ್ನು ನಾನು ಕಂಡಿಲ್ಲ. ವೇದಿಕೆಯ ಮೇಲಿನವರಂತೂ ಕೈಯ ಸುದ್ದಿಯನ್ನೇ ಎತ್ತುವುದಿಲ್ಲ. ಜನರನ್ನು ಬೇಸರದ ದುಡಿಮೆಯಿಂದ ಬಿಡುಗಡೆ ಮಾಡುತ್ತೇವೆ ಎನ್ನುತ್ತಾರೆ.

ನಾನು ತುರ್ಭೆಯ ಒಂದು ಡಿಪೋದಲ್ಲಿ ಐಟಿ ಮುಖ್ಯಸ್ಥೆ. ಹೆಸರು ದೊಡ್ಡದು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ ಹೋಗಿ ಎಳೆಯಬೇಕು. ವಾಶಿಯ ದೊಡ್ಡ ಮಾರುಕಟ್ಟೆಯಿಂದ ಬರುವ ಹಣ್ಣುಗಳನ್ನು ಅಲ್ಲಿ ಆರಿಸಿ, ಸಣ್ಣ ಡಬ್ಬಿಗಳಿಗೆ ತುಂಬಿ, ಶಾಪಿಂಗ್ ಮಾಲುಗಳಿಗೆ ಕಳಿಸುತ್ತೇವೆ. ಡೊಂಬಿವಲಿಯಿಂದ ಠಾಣೆಗೆ, ಠಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಗೆ, ಇದು ನನ್ನ ದಿನನಿತ್ಯದ ಹಾದಿ. ನಮ್ಮವರು ಮೂಲತಃ ವಿಜಯಪುರದ ಕಡೆಯವರು. ಮನೆಯಲ್ಲಿ ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಹಾಗಾಗಿ ಬಾಯಿ ತುಂಬ ಕನ್ನಡ ಸಿಗುತ್ತಿದ್ದದ್ದು ಡಿಪೋದ ಪ್ಯಾಕಿಂಗ್ ಸಾಲಿನಲ್ಲಿ. ಅಲ್ಲಿದ್ದವರೆಲ್ಲ ಕಲಬುರಗಿ, ರಾಯಚೂರು ಕಡೆಯ ಹೆಂಗಸರು. ಅವರನ್ನು ಒಬ್ಬೊಬ್ಬರನ್ನಾಗಿ ಕರೆತಂದು ಕೆಲಸಕ್ಕೆ ಹಚ್ಚಿದವಳು ಅವರಲ್ಲೇ ಹಿರಿಯಳಾದ ಒಬ್ಬಳು. ನಾವೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದೆವು. ತಮ್ಮನ ಹೆಂಡತಿ, ಅವಳ ತಂಗಿ, ನೆರೆಮನೆಯವಳು, ಎಲ್ಲರೂ ಅಕ್ಕನ ಮಾತು ನಂಬಿ ಊರು ಬಿಟ್ಟು ಬಂದವರು. ಅವರ ಕೆಲಸ ಹೋದರೆ ತನ್ನ ಮಾತು ಹೋದಂತೆ ಎಂದು ಅವಳು ತಿಳಿದಿದ್ದಳು.

ಹೋದ ವರ್ಷದ ಸಭೆಯಿಂದ ನಮ್ಮ ಮಾಲೀಕರು, ಶೇಠ್, ಹುರುಪಿನಿಂದ ಹಿಂತಿರುಗಿದರು. ವಾರ ಕಳೆಯುವುದರೊಳಗೆ ಪೆಟ್ಟಿಗೆ ತುಂಬ ಕಪ್ಪು ಕೈಪಟ್ಟಿಗಳು ಬಂದವು. ನೋಡಲು ಗಡಿಯಾರದ ಹಾಗೆ, ಆದರೆ ಸಮಯ ತೋರಿಸುವುದಿಲ್ಲ. ಕೈ ಆಡುತ್ತಿದ್ದರೆ ಸುಮ್ಮನಿರುತ್ತದೆ, ಕೈ ನಿಂತರೆ ಗುರುಗುಟ್ಟಿ ನಡುಗುತ್ತದೆ. ಯಾರ ಕೈ ಎಷ್ಟು ಹೊತ್ತು ನಿಂತಿತು ಎಂಬುದೆಲ್ಲ ನನ್ನ ಕೋಣೆಯ ಪರದೆಗೆ ಬರುತ್ತದೆ. ಇನ್ನೊಂದು ಕಡೆ, ಗೇಟಿನಲ್ಲಿ ಎಷ್ಟು ಡಬ್ಬಿ ಹೊರಗೆ ಹೋಯಿತು ಎಂಬ ಎಣಿಕೆಯೂ ಅದೇ ಪರದೆಗೆ. ಎರಡನ್ನೂ ಕೂಡಿಸಿ ಯಾವ ಸಾಲಿಗೆ ಎಷ್ಟು ಜನ ಬೇಕು ಎಂದು ಅದೇ ಹೇಳುತ್ತದೆ, ಸುಗ್ಗಿ ಮುಗಿದ ಮೇಲೆ ಅದು ಹೇಳಿದಂತೆಯೇ ಮಾಡೋಣ ಎಂದರು ಶೇಠ್. ನಾನು ಅದನ್ನು ಅಕ್ಕನಿಗೆ ಮುಚ್ಚಿಡದೆ ಹೇಳಿದೆ. ಅವಳು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಾಯಿ ಕೊಳ್ಳಿಗಿ ಕಟ್ತಾರಲ್ರಿ ಮೇಡಮ್ಮಾರ, ಪಟ್ಟಾ, ಹಂಗೇ ಅದ ನೋಡ್ರಿ ಇದು" ಎಂದಳು. ಆಮೇಲೆ ತಾನೇ ಮೊದಲು ಕಟ್ಟಿಕೊಂಡು, ಉಳಿದವರಿಗೂ ಕಟ್ಟಿದಳು.

ಅಲ್ಲಿಂದ ಪ್ಯಾಕಿಂಗ್ ಸಾಲಿನ ಸದ್ದೇ ಬದಲಾಯಿತು. ಮೊದಲು ಹಾಡು, ಬೈಗುಳ, ನಗು ಕೇಳುತ್ತಿದ್ದ ಕಡೆ ಈಗ ಅಲ್ಲೊಂದು ಇಲ್ಲೊಂದು ಗುರ್ ಎನ್ನುವ ಸದ್ದು. ಒಬ್ಬಳು ಸೆರಗು ಸರಿ ಮಾಡಿಕೊಳ್ಳಲು ನಿಂತರೂ ಗುರ್. ನೀರು ಕುಡಿಯುವಾಗ ಎಡಗೈಯಲ್ಲಿ ಲೋಟ ಹಿಡಿದು, ಪಟ್ಟಿ ಕಟ್ಟಿದ ಬಲಗೈಯನ್ನು ಗಾಳಿಯಲ್ಲಿ ಅಲ್ಲಾಡಿಸುತ್ತ ಕುಡಿಯುವುದನ್ನು ಅವರು ಬೇಗನೆ ಕಲಿತರು. ನೋಡಿದವರಿಗೆ ನಗು ಬರಬೇಕು. ನನಗೆ ಮೈ ಉರಿಯುತ್ತಿತ್ತು. ಆ ಪಟ್ಟಿಗಳಿಗೆ ಚಾರ್ಜ್ ಹಾಕಿ ಬೆಳಿಗ್ಗೆ ಎಣಿಸಿ ಕೊಡುತ್ತಿದ್ದವಳೂ ನಾನೇ.

ದಸರೆ ಬಂತು. ಇಲ್ಲಿ ಖಂಡೆನವಮಿ ಎನ್ನುತ್ತಾರೆ, ನಮಗೆ ಆಯುಧಪೂಜೆ. ಡಿಪೋದ ಮೂಲೆಯಲ್ಲಿ ದೇವಿಯ ಫೋಟೋ ಇಟ್ಟು, ತಕ್ಕಡಿ, ಟ್ರಾಲಿ, ನನ್ನ ಹಳೆಯ ಕೀಬೋರ್ಡು, ಎಲ್ಲಕ್ಕೂ ಚೆಂಡುಹೂವು ಏರಿಸುವುದು ಮೊದಲಿನಿಂದ ನಡೆದುಬಂದದ್ದು. ಆದರೆ ಹಬ್ಬದ ದಿನ ಮಾಲುಗಳಿಗೆ ಹಣ್ಣು ಬೇಡವೇ? ಕೆಲಸ ನಿಲ್ಲುವುದಿಲ್ಲ. ಅದಕ್ಕೆ ಅಕ್ಕನ ಮಂದಿ ಒಂದು ದಾರಿ ಮಾಡಿಕೊಂಡಿದ್ದರು. ದ್ರಾಕ್ಷಿ ಗೊಂಚಲು ಬಿಡಿಸುವ ತಮ್ಮ ಕತ್ತರಿಗಳನ್ನು ಪೂಜೆಗೆ ಇಟ್ಟುಬಿಡುವರು, ಆ ದಿನದ ಕೆಲಸಕ್ಕೆ ಬೇರೆ ಕತ್ತರಿ ತರುವರು. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಹಂಚುವವರೆಗೆ ಮುಟ್ಟುವಂತಿಲ್ಲ. ಅವರ ಊರಿನ ಕಟ್ಟು ಅದು, ತುರ್ಭೆಗೂ ಅವರ ಜೊತೆಗೇ ಬಂದಿತ್ತು.

ಆ ಬೆಳಿಗ್ಗೆ ಕತ್ತರಿಗಳನ್ನಿಟ್ಟು ಕೈ ಮುಗಿದ ಅಕ್ಕ ಹಾಗೇ ನಿಂತಳು. ಆಮೇಲೆ ತನ್ನ ಪಟ್ಟಿ ಬಿಚ್ಚಿ ನನ್ನ ಕಡೆ ತಿರುಗಿದಳು.

"ಮೇಡಮ್ಮಾರ, ಇದೂ ಕೈಯಾಗಿನ ಹತಾರನೇ ಅಲ್ಲೇನ್ರಿ? ಇದ್ಕ ಪೂಜಿ ಬ್ಯಾಡೇನು? ಇಡ್ಲೇನ್ರಿ?"

"ಇಡ್ರಿ ಅಕ್ಕಾ, ಎಲ್ಲಾರದೂ ಇಡ್ರಿ" ಎಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಹಿತ್ತಾಳೆ ತಟ್ಟೆಯಲ್ಲಿ ಕಪ್ಪು ಪಟ್ಟಿಗಳು ಗುಡ್ಡೆಯಾದವು. ಶೇಠ್ ಬಂದರು, ತಾವೇ ತೆಂಗಿನಕಾಯಿ ಒಡೆದರು, ಕತ್ತರಿಗಳಿಗೂ ಪಟ್ಟಿಗಳಿಗೂ ಒಂದೊಂದಾಗಿ ಕುಂಕುಮ ಹಚ್ಚಿದರು. ಅಷ್ಟರಲ್ಲಿ, ಅಲುಗಾಡದೆ ಬಿದ್ದಿದ್ದ ಪಟ್ಟಿಗಳೆಲ್ಲ ಒಟ್ಟಿಗೆ ನಡುಗತೊಡಗಿದವು. ತಟ್ಟೆ ಗಡಗಡ ಎಂದಿತು, ಹೂವು ಉದುರಿದವು.

"ಯವ್ವಾ, ದೇವಿಗೂ ಕೆಲ್ಸ ಮಾಡು ಅನ್ಲತ್ತದ ನೋಡ್ರಿ!" ಎಂದಳು ಅಕ್ಕನ ತಮ್ಮನ ಹೆಂಡತಿ. ಹೆಂಗಸರು ಬಿದ್ದು ಬಿದ್ದು ನಕ್ಕರು. ಶೇಠ್ ಕೂಡ ನಕ್ಕು ಪ್ರಸಾದ ತಿಂದರು. ನಾನೊಬ್ಬಳು ಮಾತ್ರ ಆ ತಟ್ಟೆಯನ್ನು ಬಹಳ ಹೊತ್ತು ನೋಡುತ್ತ ನಿಂತೆ. ಏಕೋ ನಗು ಬರಲಿಲ್ಲ.

ಅಂದು ಪ್ಯಾಕಿಂಗ್ ಸಾಲಿಗೆ ಹಾಡು ಮರಳಿತು. ಬೇಕಾದಾಗ ನಿಂತರು, ಸೊಂಟ ನೆಟ್ಟಗೆ ಮಾಡಿಕೊಂಡರು, ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿದರು. ಲಾರಿಗಳು ಎಂದಿಗಿಂತ ಬೇಗ ತುಂಬಿ ಹೊರಟವು. ಮರುದಿನ ಅಕ್ಕ ನನ್ನ ಕೈಗೆ ಬನ್ನಿ ಎಲೆ ಇಟ್ಟು, "ಬಂಗಾರ ತೊಗೊಂಡು ಬಂಗಾರದಂಗ ಇರೂಣ್ರಿ" ಎಂದು ಕಾಲು ಮುಟ್ಟಲು ಬಗ್ಗಿದಳು. ವಯಸ್ಸಿನಲ್ಲಿ ದೊಡ್ಡವಳು, ನಾನು ಗಾಬರಿಯಾಗಿ ಅವಳನ್ನು ತಡೆದು ನಾನೇ ನಮಸ್ಕಾರ ಮಾಡಿದೆ. ಆಮೇಲೆ ಎಲ್ಲರೂ ಪಟ್ಟಿ ಕಟ್ಟಿಕೊಂಡರು. ಪಟ್ಟಿಯಿಲ್ಲದೆ ಕೆಲಸ ಚೆನ್ನಾಗಿ ನಡೆಯುತ್ತದೆ ಎಂದು ಶೇಠ್‌ಗೆ ತೋರಿಸಲು ಸಾಕ್ಷಿ ಸಿಕ್ಕಿತೆಂದು ನಾನು ಒಳಗೊಳಗೇ ಖುಷಿಯಾಗಿದ್ದೆ.

ಪರದೆ ಬೇರೆಯದೇ ಕತೆ ಕಟ್ಟಿತ್ತು. ತಿಂಗಳ ಕೊನೆಗೆ ಅದು ಆ ಒಂದು ದಿನವನ್ನು ಹಸಿರು ಚೌಕಟ್ಟಿನೊಳಗಿಟ್ಟು ಎತ್ತಿ ತೋರಿಸಿತು. ಆ ದಿನ ಪ್ಯಾಕಿಂಗ್ ಸಾಲಿನಲ್ಲಿ ಒಂದು ಕೈಯೂ ಆಡಿಲ್ಲ; ಡಬ್ಬಿಗಳು ಮಾತ್ರ ಎಲ್ಲವೂ ಹೊರಗೆ ಹೋಗಿವೆ. ಆದ್ದರಿಂದ ಈ ಸಾಲಿಗೆ ಇಷ್ಟು ಜನ ಬೇಕಿಲ್ಲ. ತಟ್ಟೆ ಗಡಗಡ ಎಂದಾಗ ಮನಸ್ಸಿಗೆ ಹತ್ತಿದ್ದ ಅಳುಕು ಏನೆಂದು ಆಗ ತಿಳಿಯಿತು.

ಲ್ಯಾಪ್‌ಟಾಪ್ ಎತ್ತಿಕೊಂಡು ನೇರ ಶೇಠ್ ಕೋಣೆಗೆ ಹೋದೆ. ಇದು ತಪ್ಪು, ಆ ದಿನ ಪಟ್ಟಿಗಳು ದೇವಿಯ ಮುಂದಿದ್ದವು, ನೀವೇ ಕುಂಕುಮ ಹಚ್ಚಿದಿರಿ ಎಂದೆ.

"ಮಾಲೂಮ್ ಹೈ ಮೇಡಮ್. ನಾರಿಯಲ್ ತೋ ಮೈನೇ ಹೀ ಫೋಡಾ ಥಾ" ಎಂದು ಅವರು ನಕ್ಕರು. ಕಾಯಿ ಒಡೆದವನು ತಾನೇ ಎಂದು ಚೆನ್ನಾಗಿ ನೆನಪಿತ್ತು ಅವರಿಗೆ. ಆಮೇಲೆ ಪರದೆಯ ಆ ಹಸಿರು ಚೌಕಟ್ಟನ್ನು ಬೆರಳಿನಿಂದ ಸವರಿ, ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ, ಇದನ್ನು ವಾಶಿಯ ಸಭೆಗೆ ಒಯ್ಯೋಣ ಎಂದರು. ಮೋಸ ಹೋದವರಿಗೆ ಸತ್ಯ ಹೇಳಿ ಕಣ್ಣು ತೆರೆಸಬಹುದು. ಇವರು ಕಣ್ಣು ತೆರೆದೇ ಕೂತಿದ್ದರು; ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೊರಗೆ ಬಂದೆ.

ಈ ವರ್ಷದ ಸಭೆಯಲ್ಲಿ, ವಾಶಿಯ ಹಾಲ್‌ನಲ್ಲಿ, ಆ ಚಿತ್ರ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಶೇಠ್ ಮಾತು ಕೇಳುತ್ತ ಮುಂದಿನ ಸಾಲುಗಳು ತಲೆದೂಗಿದವು. ನನ್ನ ಪಕ್ಕದಲ್ಲಿ ಕೂತಿದ್ದವರು ಠಾಣೆಯ ಒಂದು ಕಂಪನಿಯ ಐಟಿ ನೋಡಿಕೊಳ್ಳುವವರು, ಉಡುಪಿಯ ಕಡೆಯವರು, ಪ್ರತಿವರ್ಷ ಇದೇ ಗೋಡೆಯ ಪಕ್ಕ ಸಿಗುತ್ತಿದ್ದವರು. ಅವರು ನನ್ನ ಕಡೆ ಬಾಗಿದರು.

"ಇದು ಹೇಗೆ ಮಾರಾಯ್ರೇ? ಕೈ ಆಡದೆ ಡಬ್ಬಿ ತುಂಬುದುಂಟಾ?"

ನಾನು ಪಿಸುದನಿಯಲ್ಲಿ ಪೂಜೆಯ ಸಂಗತಿ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಎದ್ದು ಹೇಳಿ ಮತ್ತೆ."

"ಹೇಳಿದ್ರ ಏನಾಗ್ತೈತ್ರಿ?"

"ಎಂಥದೂ ಆಗ್ಲಿಕ್ಕಿಲ್ಲ. ಆದ್ರೂ ಹೇಳಿ."

ಎದ್ದು ನಿಂತೆ. ಮೈಕು ಕೊಟ್ಟರು. ಪಟ್ಟಿಗಳು ತಟ್ಟೆಯಲ್ಲಿದ್ದವು, ಕೈಗಳು ಕೆಲಸದಲ್ಲಿದ್ದವು, ಆ ದಿನ ಪಟ್ಟಿಯಿಲ್ಲದ್ದಕ್ಕೇ ಕೆಲಸ ಬೇಗ ಮುಗಿಯಿತು ಎಂದು ಒಂದೂ ಬಿಡದೆ ಹೇಳಿದೆ. ಹಾಲ್ ತುಂಬ ನಗು ಎದ್ದಿತು. ಸಿಟ್ಟಿಲ್ಲದ, ಪ್ರೀತಿಯ ನಗು. ಎಷ್ಟು ಸುಂದರ ಸಂಪ್ರದಾಯ ಎಂದು ವೇದಿಕೆಯ ಮೇಲಿನವರು ಚಪ್ಪಾಳೆ ತಟ್ಟಿಸಿದರು. ಆ ಚಪ್ಪಾಳೆ ಮುಗಿಯುವ ಮೊದಲೇ ಮುಂದಿನ ಸಾಲಿನಿಂದ ಒಬ್ಬರು ಕೈಯೆತ್ತಿ, ಹಣ್ಣು ಆರಿಸಿ ತುಂಬುವ ಯಂತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಶೇಠ್ ಆಗಲೇ ವಿಚಾರಿಸಿ ಇಟ್ಟಿದ್ದರು. ನಾನು ಕೂತೆ. ಉಡುಪಿಯವರು ನನ್ನ ಕಡೆ ನೋಡಲಿಲ್ಲ.

ಯಂತ್ರ ಬಂತು. ಕೆಲಸ ಹೋಗಿ ಹೆಂಗಸರು ಹೊರಡುವ ದಿನ ಪಟ್ಟಿಗಳನ್ನು ನನಗೇ ಒಪ್ಪಿಸಬೇಕಿತ್ತು. ಒಬ್ಬೊಬ್ಬರೇ ಬಂದು ಮೇಜಿನ ಮೇಲಿಟ್ಟು ಹೋದರು. ಕೊನೆಗೆ ಬಂದ ಅಕ್ಕ ಬಾಗಿಲು ಮುಂದೆ ಮಾಡಿ ನನ್ನ ಹತ್ತಿರ ಬಂದಳು.

"ಖರೇ ಹೇಳ್ರಿ ಮೇಡಮ್ಮಾರ. ನಾ ಇಟ್ಟಿದ್ದು ತಪ್ಪಾಯ್ತೇನ್ರಿ? ದೇವಿಗಿ ಸಿಟ್ಟು ಬಂತೇನು? ಎಲ್ಲಾರ ಹೊಟ್ಟಿ ಮ್ಯಾಲ ನಾನೇ ಹೊಡದೆನೇನ್ರಿ?"

"ಇಲ್ಲಕ್ಕಾ, ದೇವಿದೇನೂ ಇಲ್ಲ, ನಿಮ್ಮದೂ ಏನೂ ಇಲ್ಲ" ಎಂದೆ. ಪರದೆಯ ವಿಷಯ, ವಾಶಿಯ ವಿಷಯ ಎಲ್ಲ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿದಳು, ಒಂದನ್ನೂ ನಂಬಲಿಲ್ಲ. ಶೇಠಜಿ ತಾವೇ ಕುಂಕುಮ ಹಚ್ಚಿದವರು, ಅವರಿಗೆ ಗೊತ್ತಿಲ್ಲವೇ ಎಂಬುದು ಅವಳ ಪ್ರಶ್ನೆ. ಗೊತ್ತಿದ್ದೂ ಹೀಗೆ ಮಾಡುವ ಮನುಷ್ಯರಿರುತ್ತಾರೆ ಎನ್ನುವುದಕ್ಕಿಂತ ದೇವಿಗೆ ಸಿಟ್ಟು ಬಂದಿದೆ ಎನ್ನುವುದು ಅವಳಿಗೆ ಸುಲಭವಿತ್ತು. ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತುಕೊಂಡೇ ಮೆಟ್ಟಿಲಿಳಿದಳು. ಅವಳು ಹೋದ ಮೇಲೆ ಮೇಜಿನ ಮೇಲಿದ್ದ ಪಟ್ಟಿಗಳು ಒಂದಾದ ಮೇಲೊಂದು ಗುರುಗುಟ್ಟತೊಡಗಿದವು. ಕಿವಿ ಮುಚ್ಚಿಕೊಂಡು ಅತ್ತೆ.

ಕಲ್ಯಾಣದ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದು ಅಕ್ಕ ಒಮ್ಮೆ ಫೋನ್ ಮಾಡಿದ್ದಳು. ತಮ್ಮನ ಹೆಂಡತಿ ಊರಿಗೆ ಮರಳಿದ್ದಾಳೆ, ಇಬ್ಬರಿಗೂ ಮಾತಿಲ್ಲ ಎಂದಳು. ಆಮೇಲೆ ಆ ನಂಬರು ಹತ್ತುತ್ತಿಲ್ಲ.

ಪಟ್ಟಿಗಳೇಕೆ ಸುಮ್ಮನೆ ಬಿದ್ದಿರಬೇಕು ಎಂದು ಶೇಠ್ ಈಗ ಅವನ್ನು ಆಫೀಸಿನವರಿಗೆ ಹಂಚಿದ್ದಾರೆ. ನನಗೂ ಒಂದು ಬಂದಿದೆ. ಯೋಚನೆ ಮಾಡಲು ಕೀಬೋರ್ಡಿನಿಂದ ಕೈ ತೆಗೆದರೆ ಗುರ್ ಎನ್ನುತ್ತದೆ. ಒಂದು ದಿನ ಬಿಚ್ಚುವುದನ್ನು ಮರೆತು ಮನೆಗೆ ಹೋದಾಗ ಊಟದ ನಡುವೆಯೂ ಗುರುಗುಟ್ಟಿತು. "ಆಯಿ, ತೋ ಪಟ್ಟಾ ಕಾಢ್ ನಾ" ಎಂದಳು ಮಗಳು, ಬಿಚ್ಚು ಅದನ್ನು ಎಂದು ರೇಗಿ. ಅವಳಿಗೂ ಅದು ಪಟ್ಟಾ ಆಗಿಯೇ ಕಂಡಿತು.

ಈ ಸಲದ ಆಯುಧಪೂಜೆಗೆ ಹೊಸ ಯಂತ್ರಕ್ಕೆ ದೊಡ್ಡ ಹಾರ ಬಂತು. ಅದನ್ನು ನಿಲ್ಲಿಸಲಿಲ್ಲ, ಓಡುತ್ತಿದ್ದ ಹಾಗೆಯೇ ಕುಂಕುಮ ಹಚ್ಚಿದರು. ಹಿತ್ತಾಳೆ ತಟ್ಟೆಯಲ್ಲಿ ಒಂದೂ ಪಟ್ಟಿ ಇರಲಿಲ್ಲ. ಇಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಪಟ್ಟಿ ತಟ್ಟೆಯಲ್ಲಿದ್ದು ಕೆಲಸ ನಡೆದುಹೋದರೆ ಏನಾಗುತ್ತದೆ ಎಂಬುದು ಈಗ ಆಫೀಸಿನಲ್ಲಿ ಎಲ್ಲರಿಗೂ ತಿಳಿದಿದೆ, ಎಲ್ಲರಿಗಿಂತ ಹೆಚ್ಚು ನನಗೆ.

ಆರತಿ ಮುಗಿದ ಮೇಲೆ ದೇವಿಯ ಮುಂದೆ ಕೈ ಮುಗಿದು ನಿಂತೆ. ಅಕ್ಕ ಎಲ್ಲಿದ್ದಾಳೋ, ಅವಳ ಮನಸ್ಸಿನಿಂದ ಆ ಭಾರ ಇಳಿಸು ಎಂದು ಕೇಳಿಕೊಳ್ಳಬೇಕಿತ್ತು. ಕೈ ಮುಗಿದರೆ ಕೈ ನಿಲ್ಲುತ್ತದೆ. ಅವಳ ಹೆಸರು ಮನಸ್ಸಿಗೆ ಬರುವಷ್ಟರಲ್ಲಿ ಪಟ್ಟಿ ನಡುಗಿತು. ನಾನು ಮುಗಿದ ಕೈ ಬಿಡಿಸಿ, ಬೆರಳು ಆಡಿಸುತ್ತ, ನನ್ನ ಕೋಣೆಗೆ ಹೊರಟೆ.